ಮೆಕ್ಸಿಕೊದವನಿಗೊಂದು ಎಡೆ

ಜೀಪಿನ ಸದ್ದು ಕೇಳಿದರೆ ರಂಗನಾಯಕನ ಎಡಗಾಲು ತಾನೇ ತಾನಾಗಿ ನಡುಗುತ್ತಿತ್ತು. ಹನ್ನೆರಡು ವರ್ಷದ ಹಿಂದೆ, ಕಾಡಿನಲ್ಲಿ ಅಡಗಿದ್ದ ಕಳ್ಳರಿಗೆ ಅಕ್ಕಿ ಕೊಟ್ಟವರು ಯಾರೆಂದು ಕೇಳಲು ಪೊಲೀಸರು ಅವನನ್ನು ತಮ್ಮ ಕ್ಯಾಂಪಿಗೆ ಎತ್ತಿಕೊಂಡು ಹೋಗಿದ್ದರು. ಎಂಟು ದಿನ ಕಳೆದು ಬಂದಾಗ ಕಾಲು ಸೊಟ್ಟಗಾಗಿತ್ತು. ಅಲ್ಲಿ ಏನಾಯಿತೆಂದು ಅವನು ಹೇಳಲಿಲ್ಲ, ಭೀಮನಬೀಡಿನಲ್ಲಿ ಯಾರೂ ಕೇಳಲಿಲ್ಲ. ಕೇಳಿದರೆ ತಮ್ಮ ಕಾಲಬುಡಕ್ಕೂ ನೀರು ಬಂದೀತೆಂಬ ಜಾಣತನ ಊರೆಂದಮೇಲೆ ಇದ್ದೇ ಇರುತ್ತದೆ.

ಅದು ಎರಡು ಸಾವಿರದ ಐದರ ಮಾರ್ಲಮಿ, ಸತ್ತ ಹಿರೀಕರಿಗೆ ಎಡೆ ಇಡುವ ಹಬ್ಬ. ಬಾಳೆ ಎಲೆ ಹಾಸಿ, ಹೋದವರಿಗೆ ಪ್ರೀತಿಯಾದುದನ್ನೆಲ್ಲ ಬಡಿಸಿ, ಧೂಪ ಹಾಕಿ, ಬಾಗಿಲೆಳೆದುಕೊಂಡು ಮನೆಯವರು ಜಗುಲಿಗೆ ಬಂದು ಕೂರಬೇಕು. ಒಳಗೆ ಹಿರೀಕರು ಬಂದು ಉಣ್ಣುತ್ತಾರೆ. ನಡುವೆ ಬಾಗಿಲು ತೆಗೆದರೆ ಹಸಿದೇ ಎದ್ದು ಹೋಗುತ್ತಾರೆ, ಆಮೇಲೆ ಆ ಮನೆಗೆ ಒಳ್ಳೆಯದಾಗುವುದಿಲ್ಲ.

ಆ ಸಲ ಎಲೆ ನಾಲ್ಕಾಗಿದ್ದವು. ಅಪ್ಪನದು, ಅವ್ವನದು, ವರ್ಷ ತುಂಬುವ ಮುಂಚೆ ಹೋದ ಕೂಸಿನದು. ನಾಲ್ಕನೆಯದು ಮೆಕ್ಸಿಕೊ ದೇಶದವನದು.

ಇದು ಹೆಂಡತಿ ಪುಟ್ಟಸಿದ್ದಮ್ಮನ ಕೆಲಸ. ಮಗಳು ಶಶಿರೇಖಾ ಚಾಮರಾಜನಗರದ ಹಾಸ್ಟೆಲಿನಲ್ಲಿದ್ದುಕೊಂಡು ಆ ದೇಶದ ಕ್ರಾಂತಿಯ ನಾಯಕರ ಮೇಲೆ ಪ್ರಬಂಧ ಬರೆಯುತ್ತಿದ್ದಳು. ಅವಳಿಗೆ ಬೇರೆ ದೇಶ ಸಿಗಲಿಲ್ಲವೇ ಎಂದು ನನ್ನನ್ನು ಕೇಳಬೇಡಿ, ಓದಿದವರ ತಲೆಯೊಳಗೆ ಹೊಕ್ಕು ನೋಡಿದವರು ಯಾರು? ಅವರಲ್ಲಿ ಜಪಾಟ ಎಂಬುವವನ ಪಟವನ್ನು ಗುಂಡ್ಲುಪೇಟೆಯ ಸ್ಟುಡಿಯೋದಲ್ಲಿ ಅಪ್ಪನ ಹೆಸರು ಬರೆಸಿ ದೊಡ್ಡದು ಮಾಡಿಸಿ ತಂದಿದ್ದಳು. ದಪ್ಪ ಮೀಸೆ, ಮೊರದಗಲ ಟೋಪಿ, ಎದೆಯ ಮೇಲೆ ಅಡ್ಡಡ್ಡ ತೋಟಾಗಳ ಪಟ್ಟಿ, ಕೈಯಲ್ಲಿ ಕೋವಿ. ಬೇಸಾಯದವರ ಕಳೆದುಹೋದ ಭೂಮಿಗಾಗಿ ಹೋರಾಡಿದವನು. ನಂಬಿಸಿ ಕರೆಸಿಕೊಂಡರು, ಸೆಲ್ಯೂಟ್ ಹೊಡೆಯುವವರ ಹಾಗೆ ಸಾಲಾಗಿ ನಿಂತವರೇ ಗುಂಡು ಹಾರಿಸಿದರು.

ಮಗಳ ಬಾಯಲ್ಲಿ ಇದನ್ನು ಕೇಳಿ ಪುಟ್ಟಸಿದ್ದಮ್ಮ ಕಣ್ಣೊರೆಸಿಕೊಂಡಿದ್ದಳು. "ಮೋಸ್ದಲ್ಲಿ ಸತ್ತೋರ್ಗೆ ಹಸ್ವು ಜಾಸ್ತಿ ಕಣಮ್ಮಿ. ಅವನ್ಗೂ ಒಂದೆಲೆ ಹಾಕ್ಬುಡ್ತೀನಿ" ಎಂದು ಪಟಕ್ಕೆ ಕುಂಕುಮ ಇಟ್ಟಳು.

ಅಷ್ಟು ಕರುಣೆಯವಳು ತನ್ನ ಸ್ವಂತ ತಮ್ಮ ಕನಕರಾಜುವಿಗೆ ಮಾತ್ರ ಎಂದೂ ಎಲೆ ಹಾಕಿರಲಿಲ್ಲ. ರಂಗನಾಯಕ ಕ್ಯಾಂಪಿನಲ್ಲಿದ್ದಾಗಲೇ ಜೀಪಿನವರು ಅವನನ್ನೂ ಕರೆದೊಯ್ದಿದ್ದರು. ಹೋದವನು ತಿರುಗಿ ಬರಲಿಲ್ಲ. "ನನ್ ತಮ್ಮ ಸತ್ತಿಲ್ಲ, ಬತ್ತಾನೆ" ಎನ್ನುತ್ತಿದ್ದಳು ಅವಳು. ಆ ಮಾತು ಬಂದಾಗಲೆಲ್ಲ ರಂಗನಾಯಕ ದನ ನೋಡುವ ನೆಪದಲ್ಲಿ ಎದ್ದು ಹೋಗುತ್ತಿದ್ದ.

ಧೂಪ ಹಾಕಿ ಬಾಗಿಲೆಳೆದುಕೊಂಡು ಗಂಡಹೆಂಡತಿ ಜಗುಲಿಯಲ್ಲಿ ಕೂತಿದ್ದಾಗ ಜೀಪು ಬಂದು ಮನೆ ಮುಂದೆಯೇ ನಿಂತಿತು. ಎಳೆ ವಯಸ್ಸಿನ ಎಸ್ಸೈ ಇಳಿದ, ಹಿಂದೆ ಗುರುಮಲ್ಲಯ್ಯ ಎಂಬ ಹಳೆಯ ಪೇದೆ. ಎಸ್ಸೈ ಕೈಯಲ್ಲಿ ಸ್ಟುಡಿಯೋದ ಚೀಟಿಯಿತ್ತು.

"ರಂಗನಾಯಕ ನೀನೇ ಏನಯ್ಯಾ? ನಿನ್ನ ಹೆಸರಲ್ಲಿ ಗನ್ ಹಿಡಿದೋನ ಫೋಟೋ ಮಾಡಿಸಿದಾರೆ. ಯಾರು ಮಾಡಿಸಿದ್ದು? ಫೋಟೋ ಎಲ್ಲಿದೆ?"

ಕಾಡಂಚಿನ ಊರುಗಳಲ್ಲಿ ಹೊಸ ಬಂಡಾಯದವರು ಸೇರಿಕೊಂಡಿದ್ದಾರೆಂದು ಆ ವರ್ಷ ಪೊಲೀಸರು ಹುಡುಕಾಡುತ್ತಿದ್ದುದು ರಂಗನಾಯಕನಿಗೆ ಗೊತ್ತಿತ್ತು. ನಾಲ್ಕು ಗಂಟೆಯ ಬಸ್ಸಿಗೆ ಶಶಿರೇಖಾ ಊಟಕ್ಕೆ ಬರುವವಳಿದ್ದಳು. ಬಂದವಳು ಸುಮ್ಮನಿರುವ ಪೈಕಿಯಲ್ಲ, ನಾನೇ ಮಾಡಿಸಿದ್ದು ಎಂದು ಎದೆ ಕೊಟ್ಟು ನಿಲ್ಲುವವಳು. ಅವಳನ್ನು ಈ ಜೀಪಿಗೆ ಹತ್ತಿಸಿಕೊಂಡರೆ ಎಂದು ನೆನೆದು ಅವನು ಬಸ್ಸು ಬರುವ ದಾರಿಯ ಕಡೆ ನೋಡಿದ.

"ಬಾಗಿಲು ತೆಗಿ" ಎಂದ ಎಸ್ಸೈ.

ಪುಟ್ಟಸಿದ್ದಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. "ಇರೀಕ್ರು ಉಣ್ತಾವ್ರೆ ಸ್ವಾಮಿ. ವಸಿ ಕೂತ್ಕಳಿ."

"ತೆಗೆಯೋ ಹಂಗಿಲ್ಲ ಸರ್, ಈ ಕಡೆ ಪದ್ಧತಿ" ಎಂದ ಗುರುಮಲ್ಲಯ್ಯ ತಗ್ಗಿದ ದನಿಯಲ್ಲಿ. ಅವನ ಮನೆಯಲ್ಲೂ ಅವತ್ತು ಎಡೆ ಇತ್ತೇನೋ. ಎಸ್ಸೈ ಗಡಿಯಾರ ನೋಡಿಕೊಂಡು ಜಗುಲಿಯ ತುದಿಗೆ ಕೂತ.

ಅರ್ಧ ಗಂಟೆ. ಬೇರೆ ವರ್ಷಗಳಲ್ಲಿ ಒಂದು ಬೀಡಿ ಸೇದುವಷ್ಟರಲ್ಲಿ ಮುಗಿದುಹೋಗುತ್ತಿದ್ದ ಹೊತ್ತು. ಬಾಗಿಲ ಸಂದಿಯಿಂದ ಧೂಪದ ಹೊಗೆ ಬರುತ್ತಿತ್ತು. ಆ ಹೊಗೆಯಲ್ಲಿ ರಂಗನಾಯಕನಿಗೆ ಕ್ಯಾಂಪಿನ ಕೋಣೆ ಕಂಡಿತು. ಹೊಡೆದು ಹೊಡೆದು ದಣಿದವನೊಬ್ಬ ಪಕ್ಕದಲ್ಲಿ ಕೂತು, ಮಗುವಿಗೆ ಹೇಳುವ ಹಾಗೆ ಹೇಳಿದ್ದ: ಒಂದು ಹೆಸರು ಹೇಳ್ಬುಡು, ನಿನ್ನ ಮನೆಗೆ ನೀನು ಹೋಗು. ಇವನು ಒಂದು ಹೆಸರು ಹೇಳಿದ್ದ. ಕನಕರಾಜು ಯಾರಿಗೂ ಹಿಡಿ ಅಕ್ಕಿ ಕೊಟ್ಟವನಲ್ಲ. ಬಾಯಿಗೆ ಬಂದ ಮೊದಲ ಹೆಸರು ಅವನದಾಗಿತ್ತು, ಅಷ್ಟೇ. ಹನ್ನೆರಡು ವರ್ಷ ಇವನು ಆ ಹೆಸರನ್ನು ನುಂಗಿಕೊಂಡು, ಅವನಕ್ಕನ ಕೈಯಲ್ಲೇ ಮುದ್ದೆ ಉಂಡಿದ್ದ.

ಪುಟ್ಟಸಿದ್ದಮ್ಮ ಮೂರು ಸಲ ಬಾಗಿಲು ತಟ್ಟಿ, ಕದ ತೆಗೆದಳು. ಎಸ್ಸೈ ಬೂಟು ಕಳಚಿ ಒಳಗೆ ಹೋದ. ಅಪ್ಪ ಅವ್ವಂದಿರ ಪಕ್ಕದಲ್ಲಿ, ಬಾಡಿನ ಎಡೆಯ ಮುಂದೆ, ಹಣೆಗೆ ಕುಂಕುಮ ಇಟ್ಟುಕೊಂಡು ಕೋವಿ ಹಿಡಿದವನು ನಿಂತಿದ್ದ.

"ಯಾರಿವನು?"

"ಅದಾ ಸ್ವಾಮಿ, ನಮ್ಮುಡ್ಗಿ..." ಎಂದು ಪುಟ್ಟಸಿದ್ದಮ್ಮ ಹೆಮ್ಮೆಯಿಂದ ಶುರುಮಾಡಿದಳು.

"ನಾನು ಮಾಡ್ಸಿದ್ದು" ಎಂದು ರಂಗನಾಯಕ ನಡುವೆ ಬಾಯಿ ಹಾಕಿದ. "ಚೀಟೀಲಿ ನನ್ ಎಸ್ರೇ ಅದಲ್ಲ ಸ್ವಾಮಿ."

ಎಸ್ಸೈ ಅವನನ್ನು ಮೇಲಿನಿಂದ ಕೆಳಗೆ ನೋಡಿದ. "ಹೆಬ್ಬೆಟ್ಟಿನ ಗಿರಾಕಿ, ನಿನಗೆ ಇವನು ಎಲ್ಲಿ ಸಿಕ್ಕ? ಯಾರೋ ಕೊಟ್ಟಿರಬೇಕು. ಒಂದು ಹೆಸರು ಹೇಳ್ಬಿಡು, ನಿನ್ನ ಪಾಡಿಗೆ ನೀನಿರು."

ಅದೇ ಮಾತು. ರಂಗನಾಯಕನಿಗೆ ನಿಂತಲ್ಲೇ ಉಚ್ಚೆ ಬಂದಂತಾಯಿತು. ಊರ ಮುಂದಿನ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿತು.

"ಯಾವ ಎಸ್ರೂ ಇಲ್ಲ ಸ್ವಾಮಿ. ನಾನೇ. ಎಲ್ಲಿಗ್ ಬರ್ಬೇಕೋ ನಡೀರಿ, ಹೋಗನ." ಯಾರೂ ಕೈ ಹಿಡಿಯುವ ಮುಂಚೆ ಕುಂಟಿಕೊಂಡು ಹೋಗಿ ಜೀಪಿನ ಹಿಂದೆ ಹತ್ತಿದ. ಎಸ್ಸೈ ಪಟವನ್ನು ಕಂಕುಳಲ್ಲಿ ಇರುಕಿಕೊಂಡು ಮುಂದೆ ಕೂತ.

ಪುಟ್ಟಸಿದ್ದಮ್ಮ ಜೀಪಿನ ಕಂಬಿ ಹಿಡಿದುಕೊಂಡಳು. "ಏನೂ ಮಾಡ್ದೇ ಯಾಕ್ ಓಯ್ತಿದ್ದಿಯೇ?"

"ಅಮ್ಮಿ, ಒಳಗೆ ಇನ್ನೊಂದೆಲೆ ಹಾಕು."

"ಯಾರ್ಗೆ?"

"ಕನಕರಾಜುಗೆ. ಆವತ್ತು ಅವ್ನ ಎಸ್ರ ಹೇಳ್ದೋನು ನಾನೇಯಾ."

ಅವಳ ಕೈ ಕಂಬಿಯಿಂದ ಜಾರಿತು. ಜೀಪು ಹೊರಟಿತು. ರಂಗನಾಯಕನ ಕಾಲು ಇನ್ನೂ ನಡುಗುತ್ತಲೇ ಇತ್ತು. ಪುಟ್ಟಸಿದ್ದಮ್ಮ ಅಳಲಿಲ್ಲ, ಹಿಂದೆ ಓಡಿ ಬರಲೂ ಇಲ್ಲ. ಇವನನ್ನೇ ನೋಡುತ್ತ ಒಂದು ಗಳಿಗೆ ಬೀದಿಯಲ್ಲಿ ನಿಂತಿದ್ದಳು. ಆಮೇಲೆ ತಿರುಗಿ, ಎಲೆ ಕುಯ್ಯಲು ಹಿತ್ತಲಿನ ಬಾಳೆಗಿಡದ ಕಡೆ ಹೋದಳು.