ಭಾವನನ್ನು ಕನಸಿಗೆ ಕರೆದದ್ದು

ಬೆಳಗ್ಗೆ ನಾನು ಕಣ್ಣು ಬಿಡುವುದನ್ನೇ ಕಾಯುತ್ತ ನಮ್ಮತ್ತೆ ಕಸ್ತೂರೆವ್ವ ಕೋಣೆಯ ಬಾಗಿಲಲ್ಲಿ ನಿಂತಿರುತ್ತಿದ್ದರು. ಕೇಳುವ ಮಾತು ದಿನವೂ ಒಂದೇ.

“ಸಿದ್ದು ಬಂದಿದ್ದನೇನ?”

ಇಲ್ಲ ಎಂದರೆ ಏನೂ ಅನ್ನುತ್ತಿರಲಿಲ್ಲ. ಸುಮ್ಮನೆ ಹೋಗಿ ಒಲೆಯ ಮುಂದೆ ಕೂರುತ್ತಿದ್ದರು. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ನನ್ನದು ಮುದ್ದೇಬಿಹಾಳದ ಪೇಟೆ ಓಣಿಯಲ್ಲಿ ಬೆಳೆದ ನಾಲಿಗೆ, ಸುಲಭಕ್ಕೆ ಸೋಲುವಂಥದ್ದಲ್ಲ. ಆದರೆ ಬಾಯಿ ಬಿಡದವರ ಜೊತೆ ಜಗಳ ಹೇಗೆ ಆಡುವುದು?

ಸಿದ್ದು ಎಂದರೆ ಸಿದ್ದಲಿಂಗ, ನನ್ನ ಗಂಡ ಅನಿಲರ ಅಣ್ಣ. ನಾನು ಇಂಡಿಗೆ ಸೊಸೆಯಾಗಿ ಬರುವ ಮೊದಲೇ ಸಿಂದಗಿ ರಸ್ತೆಯಲ್ಲಿ ಮೋಟರ್‌ಸೈಕಲ್ ಮೇಲಿಂದ ಬಿದ್ದು ತೀರಿಹೋಗಿದ್ದರು. ಮದುವೆಯಾಗಿರಲಿಲ್ಲ. ನಾನು ಅವರನ್ನು ಕಂಡದ್ದು ಪಡಸಾಲೆಯ ಫೋಟೋದಲ್ಲಿ ಮಾತ್ರ. ಹಿಂದೆ ಸ್ಟುಡಿಯೋದ ನೀಲಿ ಪರದೆ, ಎಣ್ಣೆ ಹಚ್ಚಿ ಬಾಚಿದ ಕೂದಲು, ನಗಬೇಕೋ ಬೇಡವೋ ಎಂಬಂಥ ಮುಖ.

ಈ ಮನೆಯಲ್ಲಿ ಕೂಸು ಹುಟ್ಟುವ ಮೊದಲು, ತೀರಿಹೋದವರಲ್ಲಿ ಒಬ್ಬರು ಬಸುರಿಯ ಕನಸಿಗೆ ಬರಬೇಕು. ಯಾರು ಬಂದರೋ ಅವರೇ ಹುಟ್ಟುತ್ತಾರೆ, ಅವರದೇ ಹೆಸರು. ನನ್ನ ಗಂಡ ಶಾಲೆಯ ಲೆಕ್ಕಕ್ಕೆ ಅನಿಲ, ಮನೆಯಲ್ಲಿ ಶಂಕರೆಪ್ಪ. ಅವರ ಅಜ್ಜ ಶಂಕರೆಪ್ಪ ಕೊಡೆ ಹಿಡಿದುಕೊಂಡು ನಮ್ಮತ್ತೆಯ ಕನಸಿಗೆ ಬಂದಿದ್ದರಂತೆ. ಹಬ್ಬಕ್ಕೆ ಬರುವ ಸೋದರತ್ತೆಯರು ಇವತ್ತಿಗೂ ಇವರನ್ನು ‘ಅಪ್ಪಾ’ ಎನ್ನುತ್ತಾರೆ. ಅರವತ್ತು ದಾಟಿದ ಹೆಂಗಸರಿಗೆ ನನ್ನ ಗಂಡ ಅಪ್ಪ. ಮದುವೆಯಾದ ಹೊಸದರಲ್ಲಿ ನಕ್ಕು ನಕ್ಕು ಸಾಕಾಗಿತ್ತು. ನನ್ನದೇ ಹೊಟ್ಟೆ ಮುಂದೆ ಬಂದ ಮೇಲೆ ಆ ನಗು ನಿಂತಿತು.

ಸೀಮಂತದ ಕುಬಸ ಮುಗಿದು ಕೈತುಂಬ ಹಸಿರು ಬಳೆ ಇಡಿಸಿಕೊಂಡ ದಿನದಿಂದ ಈ ಪ್ರಶ್ನೆ ಶುರುವಾಯಿತು. ಸಿದ್ದಲಿಂಗನೇ ಹೊಳ್ಳಿ ಹುಟ್ಟಿ ಬರುತ್ತಾನೆ ಎಂದು ಅತ್ತೆ ನಂಬಿ ಕೂತಿದ್ದರು. ನನಗದು ಬೇಡವಾಗಿತ್ತು. ಒಳಗೆ ಒದೆಯುತ್ತಿರುವ ಜೀವ ಬೇರೊಬ್ಬರ ಉಳಿದ ಆಯುಷ್ಯ ತೀರಿಸಲು ಬರುವುದು ಬೇಡ. ಅದರ ಮೊದಲ ಹೆಜ್ಜೆ, ಮೊದಲ ತೊದಲು ಎಲ್ಲವನ್ನೂ ಆ ಫೋಟೋದ ಪಕ್ಕಕ್ಕಿಟ್ಟು ನೋಡುವುದು ಬೇಡ. ಹೆಣ್ಣಾದರೆ ಏನು ಮಾಡುತ್ತೀರಿ ಎಂದು ಅತ್ತೆಯನ್ನು ಕೇಳುವ ಧೈರ್ಯ ಮಾತ್ರ ನನ್ನ ನಾಲಿಗೆಗೂ ಇರಲಿಲ್ಲ.

ಕನಸು ಬಿದ್ದೀತೆಂಬ ಹೆದರಿಕೆಗೆ ನಿದ್ದೆಯೇ ಹಾರಿಹೋಯಿತು. ಕೂತರೆ ನಿಲ್ಲಬೇಕು, ನಿಂತರೆ ಅಡ್ಡಾಡಬೇಕು, ಅಡ್ಡಾಡಿದರೆ ಕಾಲು ಬಾವು. ಮಾತ್ರೆ ಕೊಡಲು ಬರುವುದಿಲ್ಲ ಎಂದ ಡಾಕ್ಟರಮ್ಮ, ಸಿಂದಗಿಯಲ್ಲಿ ಅಮೀನುದ್ದೀನ ಸರ್ ಇದ್ದಾರೆ, ಅವರ ಹತ್ತಿರ ನಿದ್ದೆ ಕಲಿತುಕೊಂಡು ಬಾ ಎಂದರು. ನಿಂಬೆಹಣ್ಣಿನ ಲಾರಿ ತುಂಬಿಸುವ ಗಡಿಬಿಡಿಯಲ್ಲಿದ್ದ ನನ್ನ ಗಂಡ, ನಿದ್ದೆಗೂ ಮಾಸ್ತರರು ಬೇಕೇನು ಎಂದು ನಕ್ಕು ಹೂಂ ಅಂದರು. ಬಸುರಿ ಒಬ್ಬಳೇ ಹೋಗಬಾರದೆಂದು ಅತ್ತೆ ಜೊತೆಗೆ ಹೊರಟರು.

ಅಮೀನುದ್ದೀನ ಸರ್ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುವವರು. ಪುಣೆಯಲ್ಲಿ ಸಮ್ಮೋಹನ ಚಿಕಿತ್ಸೆ ಕಲಿತು ಬಂದು, ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿ ಸಂಜೆ ಕೂರುತ್ತಿದ್ದರು. ಪರೀಕ್ಷೆಗೆ ಹೆದರುವ ಹುಡುಗರು, ಗುಟಕಾ ಬಿಡಲಾರದ ಗಂಡಸರು ಅವರಲ್ಲಿಗೆ ಬರುತ್ತಿದ್ದರು. ಒಂದು ಆರಾಮ ಕುರ್ಚಿ, ಒಂದು ಟೇಬಲ್ ಫ್ಯಾನು. ಕಣ್ಣು ಮುಚ್ಚಿರಿ, ಪಾದ ಭಾರವಾಗುತ್ತಿದೆ ಎಂದರು. ಅದನ್ನು ಅವರು ಹೇಳಬೇಕಾಗಿರಲಿಲ್ಲ, ಬಾತು ಬೆಳಗಿನಿಂದಲೇ ಭಾರವಾಗಿತ್ತು. ಆದರೂ ಆ ದನಿಯಲ್ಲಿ ಏನೋ ಇತ್ತು. ಬಹಳ ದಿನಕ್ಕೆ ನನ್ನ ಭುಜ ಕೆಳಗಿಳಿಯಿತು.

ಎಚ್ಚರಿಸಿದ ಮೇಲೆ ಯಾವುದರ ಹೆದರಿಕೆ ಎಂದು ಕೇಳಿದರು. ಅತ್ತೆ ಗೋಡೆಯ ಬೆಂಚಿನ ಮೇಲಿದ್ದರು. ನಾನು ಕನಸಿನ ಹೆದರಿಕೆ ಎಂದಷ್ಟೇ ಹೇಳಿದೆ. ಅದಕ್ಕೊಂದು ದಾರಿ ಇದೆ ಎಂದರು ಸರ್. ಕನಸಿನೊಳಗೆ ಇದ್ದುಕೊಂಡೇ ಇದು ಕನಸು ಎಂದು ತಿಳಿಯಲು ಸಾಧ್ಯವಂತೆ. ತಿಳಿದ ಮೇಲೆ ಅಲ್ಲಿ ನಮ್ಮದೇ ಯಜಮಾನಿಕೆ. ಬೇಡಾದವರನ್ನು ಹೋಗು ಎನ್ನಬಹುದು, ಬೇಕಾದವರನ್ನು ಬಾ ಎನ್ನಬಹುದು.

ಬೆಂಚಿನಿಂದ ಅತ್ತೆ ಎದ್ದು ಬಂದರು. “ಯಾರನ್ನ ಬೇಕಾದ್ರೂ ಕರೀಬಹುದೇನ್ರಿ?”

“ಕರೀಬಹುದ್ರಿ ಅವ್ವಾರ. ಆದ್ರ ಬರೂದು ಇವರ ಮನಸಿನ್ಯಾಗಿಂದ, ಮ್ಯಾಲಿಂದ ಅಲ್ಲ.”

“ಎಲ್ಲಿಂದರ ಬರಲಿ. ಬಂದ್ರ ಸಾಕು.”

ಅಲ್ಲಿಂದ ವಾರಕ್ಕೊಮ್ಮೆ ಸಿಂದಗಿಯ ಬಸ್ಸು. ಒಂದೇ ಚಿಕಿತ್ಸೆಗೆ ಹೋಗುತ್ತಿದ್ದರೂ ನಾನು ಭಾವನನ್ನು ಅಟ್ಟುವ ವಿದ್ಯೆ ಕಲಿಯುತ್ತಿದ್ದೆ, ಅತ್ತೆ ನನಗೆ ಕರೆಸುವ ವಿದ್ಯೆ ಕಲಿಸುತ್ತಿದ್ದರು.

ಸರ್ ನನ್ನ ಬಳೆಗಳನ್ನೇ ಗುರುತು ಮಾಡಿದರು. ಕುರ್ಚಿಯಲ್ಲಿ ಒರಗಿಸಿ, ಕಣ್ಣು ಮುಚ್ಚಿಸಿ, ಬಳೆ ಕಂಡಾಗಲೆಲ್ಲ ಇದು ಕನಸೇ ಎಂದು ಕೇಳಿಕೊಳ್ಳುತ್ತೀರಿ ಎಂದು ಮತ್ತೆ ಮತ್ತೆ ಹೇಳಿದರು. ಹಗಲಲ್ಲಿ ಅದೇ ರೂಢಿಯಾದರೆ ಕನಸಿನಲ್ಲೂ ಕೇಳಿಕೊಳ್ಳುತ್ತೀರಿ, ಅಲ್ಲಿ ಬಳೆಯ ಬಣ್ಣ ಬೇರೆ ಇರುತ್ತದೆ, ಆಗ ಗೊತ್ತಾಗುತ್ತದೆ. ಇದನ್ನೇ ಕ್ಯಾಸೆಟ್ಟಿಗೆ ಹಾಕಿ ಕೊಟ್ಟರು. ಮಧ್ಯಾಹ್ನ ಉಂಡು ಮಲಗುವಾಗ ಟೇಪ್ ರೆಕಾರ್ಡರ್ ಹಚ್ಚಿಕೊಳ್ಳುತ್ತಿದ್ದೆ.

ನಿದ್ದೆ ಬಂತು, ನಿಜ. ಆದರೆ ಹಗಲು ಕೆಟ್ಟಿತು. ರೊಟ್ಟಿ ಬಡಿಯುವಾಗ ಬಳೆ ಸದ್ದು ಮಾಡಿದರೆ ಕೈ ನಿಲ್ಲಿಸಿ ಇದು ಕನಸೇ ಎಂದು ನೋಡುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಜನರ ನಡುವೆ ಕೈ ಮುಖದ ಮುಂದೆ ಹಿಡಿದು ನಿಂತುಬಿಡುತ್ತಿದ್ದೆ. ಪಕ್ಕದ ಮನೆಯ ಜೈತುನಬಿ, ಬಳೆ ಚಲೋ ಅದಾವ ಬಿಡವ್ವಾ, ಎಷ್ಟಂತ ನೋಡ್ತಿ ಎಂದು ಕಾಡಿಸಿದಳು. ನಕ್ಕೆ. ನೆಲ ಕಾಲ ಕೆಳಗೇ ಇದೆಯೋ ಇಲ್ಲವೋ ಎಂದು ದಿನವಿಡೀ ಕೇಳುತ್ತ ಇರುವುದು ಎಂಥ ಸಂಕಟ ಎಂದು ಅವಳಿಗೆ ಹೇಗೆ ಹೇಳಲಿ?

ಒಂದು ಮಧ್ಯಾಹ್ನ ಭಾವ ಬಂದೇ ಬಂದರು. ಬಳೆ ನೋಡುವುದು ನೆನಪಾಗಲಿಲ್ಲ, ಅಷ್ಟು ವಿಚಿತ್ರವಾಗಿತ್ತು. ಫೋಟೋದಲ್ಲಿದ್ದ ಹಾಗೇ ಸೊಂಟದ ತನಕ ಮಾತ್ರ ಬಂದಿದ್ದರು. ಕೆಳಗೆ ಏನೂ ಇಲ್ಲ. ಬೆನ್ನ ಹಿಂದೆ ಆ ನೀಲಿ ಪರದೆಯೂ ಬಂದಿತ್ತು. ಎದ್ದವಳೇ ನಗು ತಡೆಯಲಾರದೆ ಅತ್ತೆಗೆ ಹೇಳಿಬಿಟ್ಟೆ.

ಅತ್ತೆ ನಗಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು, ಕಾಲಿಲ್ಲದೆ ಅವನು ಮನೆಯೊಳಗೆ ಹೇಗೆ ಬಂದಾನು, ತಪ್ಪು ನನ್ನದೇ, ನಿನಗೆ ಏನೂ ಹೇಳಲೇ ಇಲ್ಲ ಎಂದರು. ಆಮೇಲೆ ಹೇಳತೊಡಗಿದರು. ಎಡಗಾಲು ಹೊರಗೆ ಹಾಕಿ ನಡೆಯುತ್ತಿದ್ದ. ಬಾಗಿಲನ್ನು ಯಾವತ್ತೂ ಮೊಣಕೈಯಿಂದಲೇ ದೂಡುತ್ತಿದ್ದ. ಓಣಿಯ ತುದಿಯಿಂದಲೇ ಅವ್ವಾ ಎಂದು ಕೂಗಿಕೊಂಡು ಬರುತ್ತಿದ್ದ, ಮನೆಗೆ ಬೆಂಕಿ ಬಿದ್ದವರ ಹಾಗೆ. ಚಪ್ಪಲಿ ಒಂದು ಇಲ್ಲಿ, ಒಂದು ಅಲ್ಲಿ.

ಬೆಳಗಿನ ಆ ಪ್ರಶ್ನೆ ಬಿಟ್ಟರೆ, ನಾನು ಸೊಸೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಯಾರೂ ಭಾವನ ಮಾತೆತ್ತಿದ್ದನ್ನು ಕೇಳಿರಲಿಲ್ಲ. ಈಗ ಅತ್ತೆ ಶೇಂಗಾ ಸುಲಿಯುತ್ತ ಹೇಳಿದರು, ನನ್ನ ತಲೆ ಬಾಚುತ್ತ ಹೇಳಿದರು, ಬಸ್ಸಿನಲ್ಲಿ ಸೀಟಿಗೆ ಒರಗಿಕೊಂಡು ಹೇಳಿದರು. ಸಿಂದಗಿ ಹತ್ತಿರ ಬರುವಾಗ ಒಂದು ತಿರುವಿನಲ್ಲಿ ಮಾತು ನಿಲ್ಲಿಸಿ ಮುಖ ಬೇರೆ ಕಡೆ ಮಾಡುತ್ತಿದ್ದರು. ಯಾಕೆಂದು ಕೇಳಲಿಲ್ಲ. ತಿರುವು ದಾಟಿದ ಮೇಲೆ ಮತ್ತೆ ಶುರುಮಾಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಅಟ್ಟಬೇಕಾದವರ ಬಗ್ಗೆ ಇಷ್ಟೆಲ್ಲ ಕೇಳಬಾರದು. ಕೇಳಿದರೆ ಅವರು ಮನುಷ್ಯರಾಗಿಬಿಡುತ್ತಾರೆ. ಅತ್ತೆ ಒಂದು ದಿನ ಹೇಳದೆ ಸುಮ್ಮನಿದ್ದರೆ ನಾನೇ ಯಾವುದೋ ನೆಪ ಹುಡುಕಿ ಮಾತಿಗೆ ಎಳೆಯುತ್ತಿದ್ದೆ. ಅದು ಇನ್ನೂ ಸಿಟ್ಟು ತರಿಸುತ್ತಿತ್ತು.

ಹೆರಿಗೆಗೆ ತವರಿಗೆ ಹೊರಡುವ ದಿನ ಹತ್ತಿರ ಬಂದಿತ್ತು. ಆ ಮಧ್ಯಾಹ್ನ ಕ್ಯಾಸೆಟ್ಟಿನ ದನಿ ಕೇಳುತ್ತ ಕಣ್ಣು ಮುಚ್ಚಿದೆ. ಪಡಸಾಲೆಯಲ್ಲಿದ್ದೆ. ಕೈ ನೋಡಿಕೊಂಡೆ. ಬಳೆ ಕೆಂಪಗಿದ್ದವು. ಇದು ಕನಸು ಎಂದು ಜೋರಾಗಿ ಅಂದುಕೊಂಡೆ. ಎಂಥ ಸಂತೋಷವಾಯಿತು! ತಿಂಗಳುಗಟ್ಟಲೆ ಇದ್ದ ಭಾರ ಮೈಯಿಂದ ಇಳಿದಿತ್ತು, ಬಾವು ಇರಲಿಲ್ಲ, ಮನೆಯೆಲ್ಲ ನಾನು ಹೇಳಿದಂತೆ ಕೇಳುವ ಮನೆ. ಬಾಗಿಲನ್ನು ಯಾರೋ ಮೊಣಕೈಯಿಂದ ದೂಡಿದರು.

ಭಾವ ಪೂರ್ತಿ ಬಂದಿದ್ದರು. ಪರದೆ ಇರಲಿಲ್ಲ. ಎಡಗಾಲು ಹೊರಗೆ ಹಾಕಿ ನಡೆದು ಬಂದು, ಚಪ್ಪಲಿ ಎಲ್ಲೆಂದರಲ್ಲಿ ಬಿಟ್ಟರು. ನನ್ನ ಮಾತು ತಯಾರಿತ್ತು. ಇಲ್ಲಿ ನಿಮಗೆ ಜಾಗವಿಲ್ಲ, ಹೋಗಿಬಿಡಿ. ಅಷ್ಟು ದಿನ ಬಸ್ಸಿನಲ್ಲಿ ಕುಲುಕಿ ಕಲಿತದ್ದು ಇದೊಂದು ಮಾತಿಗೇ. ಆದರೆ ಅವರು ನನ್ನ ಕಡೆ ನೋಡಲೇ ಇಲ್ಲ. ಹೊಟ್ಟೆಯ ಕಡೆಗೂ ನೋಡಲಿಲ್ಲ. ನನ್ನ ಭುಜದ ಮೇಲಿಂದ ಅಡುಗೆಮನೆಯ ಕಡೆ ನೋಡಿದರು.

“ಅವ್ವ ಎಲ್ಲ್ಯಾಳ?”

ಆ ಮಾತು ಆಡಿಸಿದ್ದು ನನ್ನ ಮನಸ್ಸೇ ಎಂದು ಗೊತ್ತಿತ್ತು. ಸರ್ ಹೇಳಿದ್ದೆಲ್ಲ ನೆನಪಿತ್ತು. ಗೊತ್ತಿದ್ದೂ ನಾನು ಹೋಗಿ ಎನ್ನಲಿಲ್ಲ. ಯಜಮಾನಿಕೆ ನನ್ನದಿತ್ತಲ್ಲ, ಅತ್ತೆಯನ್ನು ಕರೆದೆ. ಅತ್ತೆ ಸೆರಗಿಗೆ ಕೈ ಒರೆಸುತ್ತ ಬಂದರು. ಮಗನನ್ನು ನೋಡಿದವರೇ ಒಳಗೆ ಹೋಗಿ ಊಟದ ತಾಟು ತಂದರು. ಭಾವ ಗೋಡೆಗೆ ಒರಗಿ ಕೂತರು. ಅಷ್ಟರಲ್ಲಿ ಕೂಸು ಒದ್ದಿತು, ನನಗೆ ಎಚ್ಚರಾಯಿತು.

ಅತ್ತೆ ಬಾಗಿಲಲ್ಲೇ ಇದ್ದರು. ನನ್ನ ಮುಖ ನೋಡಿಯೇ ತಿಳಿದುಕೊಂಡರು ಅನ್ನಿಸುತ್ತದೆ, ಚೌಕಟ್ಟನ್ನು ಗಟ್ಟಿ ಹಿಡಿದಿದ್ದರು. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನನಗೆ ಬೇಕಾಗಿದ್ದೂ ಅದೇ.

“ಬಂದಿದ್ರು ಅತ್ತಿ. ನನಗೇನೂ ಅನ್ಲಿಲ್ಲ. ಅವ್ವ ಎಲ್ಲ್ಯಾಳ ಅಂದ್ರು. ನಾ ನಿಮ್ಮನ್ನ ಕರದೆ. ನೀವು ಬಂದ್ರಿ.”

“ನಾ ಬಂದೆ?” ಅತ್ತೆಯ ದನಿ ಚಿಕ್ಕದಾಯಿತು. “ನಾ ಏನಂದೆ?”

“ಏನೂ ಅನ್ಲಿಲ್ರಿ. ತಾಟ ಹಚ್ಚಿದ್ರಿ.”

“ಉಂಡನೇನ?”

ನಾನು ನೋಡಿರಲಿಲ್ಲ. ಅವರ ಮುಖ ನೋಡಿದೆ.

“ಉಂಡ್ರು. ಎರಡು ರೊಟ್ಟಿ ಉಂಡ್ರು.”

“ಎರಡಕ್ಕ ಕೈ ತೊಳಿಯಾಂವಲ್ಲ ಅಂವ.”

“ಮೂರನೇದು ನೀವು ಹಾಕೂದ್ರಾಗ ನನಗ ಎಚ್ಚರಾತ್ರಿ.”

ಅತ್ತೆ ಹೊಸ್ತಿಲ ಮೇಲೆ ಕೂತರು. ಭಾವ ತೀರಿಹೋದ ದಿನ ಏನೋ ಸಣ್ಣ ಮಾತಿಗೆ ತಾಯಿ ಮಗನಿಗೆ ಜಗಳವಾಗಿತ್ತಂತೆ. ಬಡಿಸಿದ ತಾಟು ಸರಿಸಿ ಎದ್ದು, ಮೋಟರ್‌ಸೈಕಲ್ ಹತ್ತಿ ಹೋದವನು ಹಾಗೇ ಹೋದ. ಹಸಿದು ಹೋದವನು ಒಂದಲ್ಲ ಒಂದು ಹೊಟ್ಟೆ ಹುಡುಕಿಕೊಂಡು ಬರಲೇಬೇಕು ಎಂದು ಇಷ್ಟು ವರ್ಷ ಕಾದಿದ್ದೆ ಎಂದರು. ಮಗ ತಮ್ಮ ಕನಸಿಗೆ ಒಮ್ಮೆಯೂ ಬಾರದ್ದಕ್ಕೆ, ಅವನ ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡಿದ್ದರಂತೆ.

“ಉಂಡ ಹೋದಾಂವನ್ನ ಮತ್ತ ಕರೀಬಾರ್ದವ್ವಾ,” ಎಂದು ಕಣ್ಣು ಒರೆಸಿಕೊಂಡರು. “ಕೂಸಿಗಿ ನಿನಗ ಮನಸಿಗಿ ಬಂದ ಹೆಸರ ಇಡು.”

ನಾನು ಗೆದ್ದಿದ್ದೆ. ನನ್ನ ಕೂಸು ನನ್ನದಾಗಿತ್ತು. ಹಾಗಿದ್ದೂ ದುಃಖ ಒತ್ತರಿಸಿ ಬಂತು. ಕಂಡೇ ಇರದ ಮನುಷ್ಯನಿಗಾಗಿ ದಿಂಬಿನಲ್ಲಿ ಮುಖ ಹುದುಗಿಸಿ ಬಿಕ್ಕಿದೆ. ಅತ್ತೆ ಬಂದು ಬೆನ್ನು ಸವರಿದರು, ಸಮಾಧಾನ ಬೇಕಾದದ್ದು ನನಗೇ ಎಂಬಂತೆ.

ಮುದ್ದೇಬಿಹಾಳಕ್ಕೆ ಬಂದ ಮೇಲೆ ನಿದ್ದೆಗೆ ಏನೂ ಕಡಿಮೆಯಾಗಲಿಲ್ಲ. ಆದರೂ ಮಧ್ಯಾಹ್ನ ಕ್ಯಾಸೆಟ್ಟು ಹಚ್ಚಿಕೊಳ್ಳುವುದು ಬಿಡಲಿಲ್ಲ. ಅವರು ಉಂಡದ್ದನ್ನು ಒಮ್ಮೆ ನೋಡಬೇಕಾಗಿತ್ತು. ಒಂದು ತುತ್ತಾದರೂ ಸರಿ. ನೋಡಿದರೆ ಅತ್ತೆಗೆ ಹೇಳಿದ್ದು ನಿಜವಾಗುತ್ತಿತ್ತು. ಕನಸಿನಲ್ಲಿ ಮತ್ತೆ ಬಳೆ ಕೆಂಪಾದವು. ಇಂಡಿಯ ಪಡಸಾಲೆ ಬಂತು, ನಾನೇ ತಾಟು ಹಚ್ಚಿ, ರೊಟ್ಟಿ ಇಟ್ಟು, ಬಾಗಿಲು ಪೂರ್ತಿ ತೆಗೆದು, ಭಾವ ಬರ್ರಿ ಎಂದು ಕರೆದೆ. ಯಾರೂ ಬರಲಿಲ್ಲ.