ಹದಿನೆಂಟು ಉಸಿರು

ಆ ವಾರ್ಡಿನಲ್ಲಿ ಯಾರೇ ಮಲಗಿರಲಿ, ನಿಮಿಷಕ್ಕೆ ಹದಿನೆಂಟು ಸಲ ಉಸಿರಾಡುತ್ತಿದ್ದರು. ಚಾರ್ಟಿನಲ್ಲಿ ಹಾಗಿತ್ತು. ಜ್ವರಕ್ಕೆ ಯಂತ್ರವಿದೆ, ನಾಡಿಗೂ ಇದೆ. ಉಸಿರಿಗೆ ಮಾತ್ರ ಪಕ್ಕದಲ್ಲಿ ನಿಂತು, ಎದೆಯ ಏರಿಳಿತ ನೋಡುತ್ತಾ ಒಂದು ನಿಮಿಷ ಎಣಿಸಬೇಕು. ಮೂವತ್ತೆರಡು ರೋಗಿಗಳು, ಇಬ್ಬರು ನರ್ಸುಗಳು. ಆ ನಿಮಿಷವನ್ನು ಯಾರಪ್ಪನ ಮನೆಯಿಂದ ತರುವುದು? ಆ ಇಬ್ಬರಲ್ಲಿ ಒಬ್ಬಳಾದ ಅವಳು ಕೆಲಸಕ್ಕೆ ಸೇರಿದ ವಾರವೇ ಹಿರಿಯ ಸಿಸ್ಟರ್ ಪಾಠ ಹೇಳಿಕೊಟ್ಟಿದ್ದರು: "ಹದಿನೆಂಟು ಅಂತ ಬರಿ ತಾಯಿ. ಯಾರೂ ಕೇಳಲ್ಲ." ಆರು ವರ್ಷ ಯಾರೂ ಕೇಳಲಿಲ್ಲ.

ಅಂದು ಬೆಳಿಗ್ಗೆ ಹನ್ನೊಂದಕ್ಕೆ ಕಿಟಕಿ ಪಕ್ಕದ ಅಜ್ಜಿಗೆ ದಿಂಬು ಸರಿಮಾಡುತ್ತಿದ್ದಳು. ಹೊಟ್ಟೆಯ ಆಪರೇಷನ್ ಆಗಿ ಮೂರು ದಿನವಾಗಿದ್ದ ಅಜ್ಜಿ ವಾಚಾಳಿ. ಇಂದು ಎರಡೆರಡು ಮಾತಿಗೂ ಉಸಿರೆಳೆದುಕೊಳ್ಳಲು ನಿಲ್ಲುತ್ತಿದ್ದರು. ಅವಳು ದಿಂಬು ಬಿಟ್ಟು ಅಜ್ಜಿಯ ಎದೆಯ ಏರಿಳಿತ ನೋಡಿದಳು. ಕೈಗಡಿಯಾರ ನೋಡಿ ಎಣಿಸಿದಳು. ಮೂವತ್ತನಾಲ್ಕು. ಇನ್ನೊಮ್ಮೆ ಎಣಿಸಿದಳು. ಮೂವತ್ತನಾಲ್ಕೇ.

"ಗಡಿಯಾರ ಯಾಕೆ ನೋಡ್ತೀಯೇ? ಮನೆಗೆ ಹೋಗೋ ಆತುರವಾ?" ಎಂದು ನಗಲು ಹೋದ ಅಜ್ಜಿ ಏದುಸಿರು ಬಿಟ್ಟರು.

ಅವಳು ಡಾಕ್ಟರಿಗೆ ಫೋನ್ ಮಾಡಿದಳು.

"ಎಂಟು ಗಂಟೆಗೆ ಎಷ್ಟಿತ್ತು?"

ಚಾರ್ಟು ನೋಡಿದಳು. ಮೂರು ದಿನದ ಹದಿನೆಂಟುಗಳು ಸಾಲಾಗಿ ನಿಂತಿದ್ದವು. ಎಂಟು ಗಂಟೆಯದು ಅವಳದೇ ಅಕ್ಷರ.

"ಹದಿನೆಂಟು ಸರ್."

"ಮೂರು ದಿನದಿಂದ ಹದಿನೆಂಟು, ಈಗ ಮೂವತ್ತನಾಲ್ಕಾ? ಎಣಿಸೋದ್ರಲ್ಲಿ ತಪ್ಪಿರ್ತೀರ. ಹೊರರೋಗಿಗಳನ್ನ ಮುಗಿಸಿ ಬರ್ತೀನಿ."

ಡಾಕ್ಟರ್ ಕೆಟ್ಟವರೇನಲ್ಲ, ಬರೆದದ್ದನ್ನು ನಂಬಿದರು, ಅಷ್ಟೆ. 'ಅದು ಸುಳ್ಳು ಸರ್, ಇದೊಂದೇ ನಿಜ' ಎಂದಿದ್ದರೆ ಓಡಿ ಬರುತ್ತಿದ್ದರು. ಮಾತು ನಾಲಿಗೆ ತುದಿಗೆ ಬಂದಿತ್ತು. ಹೇಳಿದರೆ ಹಿರಿಯ ಸಿಸ್ಟರ್ ಕೆಲಸ ಹೋಗುತ್ತದೆ, ತನ್ನದೂ ಹೋಗುತ್ತದೆ. ಅವಳು ಹೆದರಿದಳು.

"ಆಗಲಿ ಸರ್," ಎಂದು ಫೋನ್ ಇಟ್ಟಳು.

ಆಕ್ಸಿಜನ್ ಹಾಕಿದಳು, ಮಂಚದ ತಲೆಭಾಗ ಎತ್ತರಿಸಿದಳು, ಮೂರು ಸಲ ಬಾಗಿಲಿಗೆ ಹೋಗಿ ನೋಡಿ ಬಂದಳು. ಡಾಕ್ಟರ್ ಬಂದಾಗ ಒಂದೂವರೆ. ಅಷ್ಟರಲ್ಲಿ ಅಜ್ಜಿಯ ತುಟಿ ನೀಲಿಯಾಗಿತ್ತು, ಮಾತು ನಿಂತಿತ್ತು. ಸ್ಟ್ರೆಚರ್ ಹಿಂದೆ ಎಲ್ಲರೂ ಓಡಿದರು. ನಾಲ್ಕು ಗಂಟೆಗೆ ಎಲ್ಲ ಮುಗಿಯಿತು.

ಅಜ್ಜಿಯ ಮಗಳು ವರಾಂಡದಲ್ಲಿ ಅವಳ ಎರಡೂ ಕೈ ಹಿಡಿದುಕೊಂಡಳು.

"ಡಾಕ್ಟರ್ ಚಾರ್ಟ್ ತೋರಿಸಿದ್ರು ಸಿಸ್ಟರ್. ಬೆಳಿಗ್ಗೆ ಅಮ್ಮ ಚೆನ್ನಾಗೇ ಇದ್ರಂತೆ, ಇದ್ದಕ್ಕಿದ್ದ ಹಾಗೆ ಆಯ್ತಂತೆ. ಹೌದಾ? ಪಕ್ಕದಲ್ಲಿದ್ದೋರು ನೀವು, ನೀವು ಹೇಳಿದ್ರೆ ನಂಬ್ತೀನಿ."

"ಹೌದಮ್ಮಾ," ಎಂದಳು.

ಮಗಳು ಅವಳ ಹೆಗಲಿಗೆ ತಲೆಯಿಟ್ಟು, ಸದ್ಯ, ಅಮ್ಮ ನರಳಲಿಲ್ಲವಲ್ಲ ಎಂದು ಅತ್ತಳು.