ತೇವ ಹಿಡಿಯದ ವ್ಯಾನು

ಶೆಡ್ಡಿನ ಬೀಗ ತೆಗೆದದ್ದಾಯಿತು, ಕದ ತಳ್ಳುವುದಕ್ಕೆ ಮಾತ್ರ ಮಗಳಿಗೆ ಕೈ ಬರಲಿಲ್ಲ.

"ಬೇಗ ನೋಡು," ಎಂದ ಅಣ್ಣ. "ಶವದ ಗಾಡಿಯವನು ಮನೆ ಮುಂದೆ ಕಾಯ್ತಿದ್ದಾನೆ. ವ್ಯಾನು ಚೆನ್ನಾಗಿದ್ರೆ ಅವನನ್ನ ಕಳಿಸಿಬಿಡ್ತೀನಿ. ಮುಗ್ಗಲು ಹಿಡಿದಿದ್ರೆ ಅಪ್ಪನ್ನ ಅದರಲ್ಲಿ ಮಲಗಿಸೋಕಾಗಲ್ಲ."

ಮೂವತ್ತೊಂದು ವರ್ಷ ಊರಿನ ಮಕ್ಕಳನ್ನು ಶಾಲೆಗೆ ಹೊತ್ತ ಮನುಷ್ಯ ಕೊನೆಗೆ ಕೇಳಿಕೊಂಡದ್ದು ಇಷ್ಟೇ: ತನ್ನ ವ್ಯಾನಿನಲ್ಲೇ ಹೋಗಬೇಕು. ಚಳಿಗಾಲದ ಶುರುವಿನಲ್ಲಿ ಹಾಸಿಗೆ ಹಿಡಿದು ಮಗನ ಮನೆ ಸೇರಿದಾಗ, ಶೆಡ್ಡಿನ ಪಕ್ಕದ ಬೀದಿಯಲ್ಲೇ ಇದ್ದ ಮಗಳ ಕೈಗೆ ಬೀಗದಕೈ ಕೊಟ್ಟಿದ್ದರು. ಮೂರು ತಿಂಗಳಲ್ಲಿ ಅವಳು ಒಮ್ಮೆಯೂ ಬಾಗಿಲು ತೆಗೆದಿರಲಿಲ್ಲ.

*

"ಗಾಡಿ ಓಡುವಾಗ ಕೆಡಲ್ಲ ಮಗಳೇ, ನಿಂತಾಗ ಕೆಡುತ್ತೆ," ಎನ್ನುತ್ತಿದ್ದರು ಅಪ್ಪ. ಚಳಿಗಾಲದ ರಜೆ ಬಂತೆಂದರೆ ಅವರಿಗೆ ಭಾನುವಾರ ಬಿಡುವಿಲ್ಲ. ಬಿಸಿಲು ಇಣುಕಿದೊಡನೆ ಎದುರುಬದುರು ಬಾಗಿಲು ತೆರೆಯುವುದು, ಮ್ಯಾಟಿನಡಿಯ ಪೇಪರು ಬದಲಿಸುವುದು, ತೇವ ಹೀರಲು ನೇತುಹಾಕಿದ್ದ ಕಲ್ಲುಪ್ಪನ್ನು ಬಾಣಲೆಯಲ್ಲಿ ಹುರಿದು ಮತ್ತೆ ಚೀಲಕ್ಕೆ ತುಂಬುವುದು. "ಆ ವ್ಯಾನನ್ನೇ ಕಟ್ಕೋಬೇಕಿತ್ತು ನೀವು," ಎಂದು ಅಮ್ಮ ಗೊಣಗಿದರೆ, "ಅದು ನಿನ್ನಷ್ಟು ಮಾತಾಡಲ್ಲ," ಎಂದು ನಗುತ್ತಿದ್ದರು.

ಹಾಸಿಗೆ ಹಿಡಿದ ಮೇಲೂ ಭಾನುವಾರದ ಫೋನು ತಪ್ಪಲಿಲ್ಲ.

"ಬಾಗಿಲು ತೆಗೆದ್ಯಾ? ಉಪ್ಪು ಹುರಿದ್ಯಾ?"

"ಹೂಂ ಅಪ್ಪ, ಎಲ್ಲಾ ಆಯ್ತು."

"ಶಹಭಾಷ್!"

ಮೊದಲ ವಾರ ಮಗುವಿಗೆ ಜ್ವರ. ಎರಡನೇ ವಾರ ಸೋಮಾರಿತನ. ಆಮೇಲೆ, ಒಳಗೆ ಏನಾಗಿದೆಯೋ ಎಂಬ ಹೆದರಿಕೆ.

*

ಅಣ್ಣನೇ ಕದ ತಳ್ಳಿ, ವ್ಯಾನಿನ ಹಿಂಬಾಗಿಲು ಎಳೆದ. ಅವಳು ಒಳಗೆ ಬಗ್ಗಿ ಮೂಸಿದಳು.

ಮುಗ್ಗಲು ಇಲ್ಲ. ಗಾಜಿನ ಮೇಲೆ ಒಂದು ಹನಿಯಿಲ್ಲ. ಸೀಟು ಮುಟ್ಟಿದಳು, ಒಣಗಿತ್ತು. ಮ್ಯಾಟು ಎತ್ತಿದರೆ ಕಳೆದ ವಾರದ ಪೇಪರು.

"ಪರವಾಗಿಲ್ಲ ಕಣೆ, ಅಪ್ಪನ ಹೆಸರು ಉಳಿಸಿದೆ," ಎಂದ ಅಣ್ಣ.

"ನಾನಲ್ಲ ಅಣ್ಣ. ನಾನು ಈ ಕಡೆ ತಲೆ ಹಾಕೇ ಇಲ್ಲ."

ಹಿಂದಿನಿಂದ ಯಾರೋ ಕೆಮ್ಮಿದರು. ಶೆಡ್ಡಿಗೆ ಅಂಟಿಕೊಂಡೇ ಇದ್ದ ಅಂಗಡಿಯ ದರ್ಜಿ ಮಾಮ, ಅಪ್ಪನ ಗೆಳೆಯ. ಅವರ ಬೆರಳಿನಲ್ಲಿ ಇನ್ನೊಂದು ಬೀಗದಕೈ ಇತ್ತು.

"ನಿಮ್ಮಪ್ಪ ಮೊದಲನೇ ವಾರಾನೇ ನನಗೆ ಫೋನ್ ಮಾಡ್ದ. ಬಾಗಿಲು ತೆಗೆದ ಸದ್ದು ಕೇಳಿಸ್ತಾ ಅಂದ. ಇಲ್ಲ ಅಂದೆ. ಹಾಗಾದ್ರೆ ನೀನೇ ಮಾಡು, ಅವಳಿಗೆ ಹೇಳ್ಬೇಡ ಅಂದ."

"ಬೈಲಿಲ್ವಾ ಮಾಮ?"

"ನಕ್ಕ ಕಣಮ್ಮ. ಚಿಕ್ಕ ಮಗು ಇಟ್ಕೊಂಡು ಒದ್ದಾಡ್ತಿದ್ದಾಳೆ, ಮಲಗ್ಲಿ ಪಾಪ. ನಾನು ನೊಂದ್ಕೋಬಾರದು ಅಂತ ಹೂಂ ಅಂತಾಳಲ್ಲ, ಅಷ್ಟು ಸಾಕು ಅಂದ."

ಎಲ್ಲಾ ಗೊತ್ತಿದ್ದೂ ಹನ್ನೆರಡು ಭಾನುವಾರ ಶಹಭಾಷ್ ಎಂದಿದ್ದರು! ಅವಳು ಸೀಟಿಗೆ ಮುಖ ಒತ್ತಲು ಹೋಗಿ, ಕಣ್ಣೀರು ತಾಗೀತೆಂದು ಹಿಂದೆ ಸರಿದು, ಸೆರಗಿನಲ್ಲೇ ಅತ್ತಳು. ಅಣ್ಣ ಫೋನು ತೆಗೆದು ಶವದ ಗಾಡಿಯವನಿಗೆ, "ನೀನು ಹೊರಡಪ್ಪ," ಎಂದ.

*

ಮನೆಯ ಮುಂದೆ ಮಂಜು ಹನಿಯುತ್ತಿತ್ತು. ಉದ್ದ ಸೀಟುಗಳ ನಡುವೆ ಅಪ್ಪನನ್ನು ಮಲಗಿಸಿದರು. ಮಗಳು ಸ್ಟೇರಿಂಗ್ ಹಿಡಿದು ಕುಳಿತಳು.

ಮೊದಲು ಹತ್ತಬೇಕಿದ್ದ ದರ್ಜಿ ಮಾಮ ವ್ಯಾನಿನ ಮೆಟ್ಟಿಲ ಬಳಿ ನಿಂತರು. ತೊಯ್ದ ಕೋಟು ಕಳಚಿ, ಕೊಡವಿ, ಗೇಟಿನ ಮೇಲೆ ಹಾಕಿದರು.

"ಈ ಚಳೀಲಿ ಕೋಟು ಯಾಕ್ರೀ ತೆಗೀತೀರಿ?" ಎಂದಳು ಹೊಸಬಳಾದ ಅತ್ತಿಗೆ.

"ಒದ್ದೆ ಕೋಟಲ್ಲಿ ಹತ್ತಿದ್ರೆ ಅವನು ಇಳಿಸ್ತಿದ್ದ ತಾಯಿ."

ಅವರ ಹಿಂದೆ ಗಡ್ಡದ ಗಾರೆಯವನು, ನರ್ಸಮ್ಮ, ಬ್ಯಾಂಕಿನ ಗುಮಾಸ್ತ. ಎಲ್ಲರೂ ಒಂದು ಕಾಲಕ್ಕೆ ಇದೇ ವ್ಯಾನಿನಲ್ಲಿ ಶಾಲೆಗೆ ಹೋದವರು. ಯಾರೂ ಹೇಳಬೇಕಾಗಲಿಲ್ಲ. ಗೇಟು ತುಂಬಿತು, ಕಾಂಪೌಂಡಿನ ಗೋಡೆಯೂ ಕೋಟುಗಳಿಂದ ತುಂಬಿತು. ಚಳಿಗೆ ನಡುಗುತ್ತ ಅವರು ಒಬ್ಬೊಬ್ಬರಾಗಿ ಹತ್ತಿ, ಅಪ್ಪನ ಎರಡೂ ಬದಿಗೆ, ತಮ್ಮ ತಮ್ಮ ಹಳೆಯ ಜಾಗದಲ್ಲಿ ಕುಳಿತರು.